ಕುಂಕುಮ ಹಚ್ಚಿಸಿಕೊಂಡ ರೂಟರ್

ಗೆಳೆಯರೇ, ಇವತ್ತು ಬೆಳಿಗ್ಗೆ ಮುಂಬಯಿಯ ನಮ್ಮ ಮುಲುಂಡ್ ಫ್ಲ್ಯಾಟಿನಲ್ಲಿ ಒಂದು ವೈಫೈ ಡಬ್ಬಿಗಾಗಿ ನನಗೂ ಅಮ್ಮನಿಗೂ ಜಟಾಪಟಿಯಾಯಿತು. ಹೊರದೇಶದಲ್ಲಿ ತಯಾರಾದ ರೂಟರುಗಳಿಗೆ ಸರಕಾರ ನಿರ್ಬಂಧ ಹಾಕುತ್ತಿದೆ ಎಂಬ ಸುದ್ದಿ ಬಂದದ್ದೇ ತಡ, ಯಾರ ಮನೆಯ ರೂಟರ್ ಯಾವ ದೇಶದ್ದೆಂದು ಬರೆಯಲು ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಚ್ಚಿದ್ದರು.

ನಮ್ಮದನ್ನು ತಿರುಗಿಸಿ ನೋಡಿದೆ. ದೇಶದ ಹೆಸರು ಇರಬೇಕಾದ ಜಾಗದಲ್ಲಿ ಆಯುಧಪೂಜೆಯ ಕುಂಕುಮ ದಪ್ಪಗೆ ಒಣಗಿ ಕೂತಿತ್ತು. ಉಗುರಿನಿಂದ ಕೆರೆಯಹೋದೆ. ಅಮ್ಮ ಕೈಮೇಲೆ ಹೊಡೆದಳು.

"ಕೆರೆಯಬೇಡ ಮಾರಾಯ, ಹಬ್ಬದ ಕುಂಕುಮ ಅದು."

"ಹೊರಗಿನದ್ದಾ ಅಂತ ನೋಡ್ಬೇಕಲ್ಲಮ್ಮ?"

"ನಾಲ್ಕು ವರ್ಷದಿಂದ ಈ ಮನೆಯಲ್ಲಿ ಪೂಜೆ ತಗೊಳ್ತಾ ಉಂಟು. ಇನ್ನು ಎಂಥ ಹೊರಗಿನದ್ದು?" ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಮೊದಲಿನ ಜಾಗದಲ್ಲಿಟ್ಟಳು. "ನಾನು ಉಡುಪಿಯಿಂದ ಮದುವೆಯಾಗಿ ಬಂದಾಗ ನಿನ್ನ ಅಜ್ಜಿಯೂ ನನ್ನನ್ನು ಹೊರಗಿನವಳು ಅಂತಲೇ ಹೇಳಿದ್ದು. ಆಮೇಲೆ ನಾನಿಲ್ಲದೆ ಅವರಿಗೆ ಒಂದು ದಿನ ನಡೀತಿರಲಿಲ್ಲ."

ಕೆಳಗಿಳಿದು ಪಟ್ಟಿಯಲ್ಲಿ ದೇಶದ ಹೆಸರಿನ ಜಾಗದಲ್ಲಿ 'ಮನೆಯ ಸೊಸೆ' ಎಂದು ಬರೆದು ಬಂದಿದ್ದೇನೆ. ಸೆಕ್ರೆಟರಿ ವಿಚಾರಿಸಲು ಬಂದರೆ ಬಾಗಿಲು ತೆರೆಯುವುದು ಅಮ್ಮನೇ.