ಮುಟ್ಟಬೇಡಿ ಮಾವ

ಕಲಾ ಗ್ಯಾಲರಿಯ ಆ ಕಾವಲುಗಾರನಿಗೆ ನೆಂಟರ ಮಕ್ಕಳೆಲ್ಲ ಇಟ್ಟ ಹೆಸರು ‘ಮುಟ್ಟಬೇಡಿ ಮಾವ’. ಇಪ್ಪತ್ತೆರಡು ವರ್ಷ, ದಿನಕ್ಕೆ ನೂರು ಸಲ ಅದೊಂದೇ ಮಾತು ಹೇಳಿ ಹೇಳಿ ಅದು ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಹೆಂಡತಿ ಒಲೆಯಿಂದ ಪಾತ್ರೆ ಇಳಿಸಹೋದರೂ “ಮುಟ್ಟಬೇಡಿ” ಎಂದುಬಿಡುತ್ತಿದ್ದ. ಅವಳಿಗೆ ಗಂಡನಿಂದ ಬಹುವಚನ ಸಿಗುತ್ತಿದ್ದುದು ಆಗ ಮಾತ್ರ. “ಹಾಗಾದ್ರೆ ನೀವೇ ಇಳಿಸಿ,” ಎಂದು ಇಕ್ಕಳವನ್ನು ಅವನ ಕೈಗೆ ತುರುಕುತ್ತಿದ್ದಳು.

ಇಷ್ಟು ವರ್ಷದಲ್ಲಿ ಒಂದು ಚಿತ್ರದ ಮೇಲೂ ಬೆರಳಿನ ಗುರುತು ಬಿದ್ದಿರಲಿಲ್ಲ. ಅವನೂ ಯಾವುದನ್ನೂ ಮುಟ್ಟಿದವನಲ್ಲ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಒಂದು ಕಪ್ಪು ಚುಕ್ಕೆಯೂ ಇಲ್ಲದೆ ಮನೆಗೆ ಹೋಗಬೇಕು ಎಂಬುದೊಂದೇ ಅವನ ಆಸೆ.

ಅಷ್ಟರಲ್ಲಿ ಬಂದು ವಕ್ಕರಿಸಿತು ಆ ದನಿಯ ಶಿಲ್ಪ. ದೊಡ್ಡ ಕೋಣೆಯ ಚಾವಣಿಯಿಂದ ಮೂವತ್ತು ಹಿತ್ತಾಳೆ ಕೊಳವೆ ಇಳಿಬಿಟ್ಟಿದ್ದರು. ಒಂದೊಂದನ್ನು ಮುಟ್ಟಿದರೆ ಒಂದೊಂದು ದನಿ. ಪಕ್ಕದಲ್ಲೇ ಫಲಕ: ‘ದಯವಿಟ್ಟು ಮುಟ್ಟಿ.’ ಮೊದಲ ದಿನವೇ ಒಬ್ಬ ಹೆಂಗಸು ಕೈ ಚಾಚಿದರು, ಮಾವನ ಬಾಯಿಂದ ಹಳೇ ಮಾತು ತಾನಾಗಿಯೇ ಹೊರಬಿತ್ತು. ಆಕೆ ದೂರು ಕೊಟ್ಟರು. ಸಂಜೆಗೆ ನಿರ್ದೇಶಕರಿಂದ ಮೆಮೊ: ವೀಕ್ಷಕರನ್ನು ತಡೆದದ್ದೇಕೆ?

ಮಾವ ಬಾಯಿಗೆ ಬೀಗ ಹಾಕಿಕೊಂಡ. ಹತ್ತು ದಿನ ಕೊಳವೆಗಳು ತಲೆ ತಿಂದರೂ ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಹನ್ನೊಂದನೆಯ ದಿನ ಧಡೂತಿ ಆಸಾಮಿಯೊಬ್ಬ, ಹೆಂಡತಿ ವಿಡಿಯೋ ತೆಗೆಯಲೆಂದು, ಎರಡು ಕೊಳವೆ ಹಿಡಿದು ಜೋತುಬಿದ್ದ. ನಾಲಿಗೆ ತುದಿಗೆ ಬಂದ ಮಾತನ್ನು ಮಾವ ಮೆಮೊ ನೆನೆದು ನುಂಗಿಕೊಂಡ. ಎರಡೂ ಕಿತ್ತುಬಂದವು. ಸಂಜೆಗೆ ಇನ್ನೊಂದು ಮೆಮೊ: ವೀಕ್ಷಕರನ್ನು ತಡೆಯದಿದ್ದದ್ದೇಕೆ?

ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ಜೋತುಬಿದ್ದವನಿಗೆ ಚಹಾ ಕೊಟ್ಟು ಸಮಾಧಾನ ಹೇಳಿ ಕಳಿಸಿದರು. ಸುಮ್ಮನೆ ಕೂತವನ ತಲೆಗೆ ತಪ್ಪು ಕಟ್ಟಿದರು.

ಮರುದಿನ ಮಾವ ಎರಡೂ ಮೆಮೊ ಹಿಡಿದು ನಿರ್ದೇಶಕರ ಮೇಜಿನ ಮುಂದೆ ನಿಂತ.

“ಸಾರ್, ತಡೆದ್ರೂ ತಪ್ಪು, ತಡೀದಿದ್ರೂ ತಪ್ಪು. ನಾನು ಏನ್ ಮಾಡಬೇಕಿತ್ತು, ಅದನ್ನಾದ್ರೂ ಬರೆದುಕೊಡಿ.”

“ಸ್ವಲ್ಪ ಬುದ್ಧಿ ಉಪಯೋಗಿಸಬೇಕು ಕಣ್ರೀ,” ಎಂದರು ನಿರ್ದೇಶಕರು, ಕಾಗದದಿಂದ ತಲೆಯೆತ್ತದೆ. “ಎರಡೂ ನಿಮ್ಮ ಸರ್ವಿಸ್ ರೆಕಾರ್ಡಿಗೆ ಹೋಗುತ್ತೆ.”

ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಇದಕ್ಕೇನು? ಹೊರಬಂದು ನೇರ ದೊಡ್ಡ ಕೋಣೆಗೆ ನಡೆದ. ಗ್ಯಾಲರಿಯ ವಸ್ತುವಿನ ಮೇಲೆ ಮೊದಲ ಸಲ ಕೈಯಿಟ್ಟ. ಉಳಿದ ಇಪ್ಪತ್ತೆಂಟು ಕೊಳವೆಗಳನ್ನೂ ತೋಳು ಚಾಚಿ, ಈ ತುದಿಯಿಂದ ಆ ತುದಿಗೆ ಸವರಿಕೊಂಡು ಹೋದ. ಕಟ್ಟಡಕ್ಕೆ ಕಟ್ಟಡವೇ ಗುಂಯ್ ಎಂದಿತು.

ನಿರ್ದೇಶಕರು ಕನ್ನಡಕ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಓಡಿಬಂದರು. “ಮುಟ್ಟಬೇಡಿ! ಮುಟ್ಟಬೇಡಿ!”

ಮಾವ ಫಲಕದತ್ತ ಕೈ ತೋರಿಸಿದ.

“ನಿಮಗೆ ಮೆಮೊ ಕೊಡೋರು ಯಾರು ಸಾರ್?” ಎಂದು ಕೇಳಿ, ತನ್ನ ಸ್ಟೂಲಿಗೆ ಹೋಗಿ ಕೂತ.