ಅಣ್ಣನಿಗೆ ಬಿದ್ದ ಹೆಸರು

ನನ್ನ ಅಣ್ಣ ಮೊದಲ ಸಲ ಪೊಲೀಸರ ಕೈಗೆ ಸಿಕ್ಕಿದ್ದು ಬೇರೆಯವರ ಮನೆಯ ಮದುವೆಯ ದೆಸೆಯಿಂದ. ತೋಡೂರಿನ ನಮ್ಮ ಗದ್ದೆ ನೌಕಾನೆಲೆಯ ಯೋಜನೆಗೆ ಹೋದಮೇಲೆ ಅವನೂ ಅತ್ತಿಗೆಯೂ ನಿರಾಶ್ರಿತರ ಕಾಲೊನಿಯಲ್ಲಿ ಮನೆ ಮಾಡಿದ್ದರು. ಶಿರವಾಡದ ಹತ್ತಿರದ ಒಂದು ಮಂಜುಗಡ್ಡೆ ಕಾರ್ಖಾನೆಯ ಟೆಂಪೊ ಓಡಿಸುವ ಕೆಲಸ ಅವನದು. ಕಾಲೊನಿಯ ಮನೆಯೊಂದರಲ್ಲಿ ಮದುವೆ ಗೊತ್ತಾದಾಗ, ಹೇಗೂ ಗೋವಾಕ್ಕೆ ಹೋಗುತ್ತೀಯಲ್ಲ, ಬರುವಾಗ ಎರಡು ಪೆಟ್ಟಿಗೆ ಸಾರಾಯಿ ಹಾಕಿಕೊಂಡು ಬಾ ಎಂದರು. ಯಾರಿಗಾದರೂ ಇಲ್ಲ ಎನ್ನುವುದು ಅಣ್ಣನಿಗೆ ಗೊತ್ತೇ ಇರಲಿಲ್ಲ.

ಗಡಿಯಾಚೆ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ ಮಾರುವ ಬಾಟಲಿ, ಮಾಜಾಳಿಯ ಚೆಕ್‌ಪೋಸ್ಟಿಗೆ ಬರುವಷ್ಟರಲ್ಲಿ ಅಪರಾಧವಾಗಿರುತ್ತದೆ. ಅಂಕೋಲೆಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ನಾನು ಇದನ್ನೇ ಮಕ್ಕಳಿಗೆ ಹೇಳುತ್ತಿದ್ದೆ: ಅಪರಾಧವೆನ್ನುವುದು ಮಾಡಿದ ಕೆಲಸದೊಳಗೆ ಇರುವುದಿಲ್ಲ, ಅದನ್ನು ನೋಡುವವರು ಎಳೆದ ಗೆರೆಯಲ್ಲಿರುತ್ತದೆ. ಅಣ್ಣ ಆ ಗೆರೆ ದಾಟುವಾಗ ಸಿಕ್ಕಿಬಿದ್ದ. ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದೆವು. ಮದುವೆ ನಡೆಯಿತು. ಸಾರಾಯಿಯೂ ಬೇರೆ ಯಾರದೋ ಗಾಡಿಯಲ್ಲಿ ಬಂತು. ಅಣ್ಣನನ್ನು ಮಾತ್ರ ಯಾರೂ ಊಟಕ್ಕೆ ಕರೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಲೊನಿಯ ಕುಡಿಯುವ ನೀರಿನ ಬಾವಿಯ ಪಂಪು ಕಾಣೆಯಾಯಿತು. ಪೊಲೀಸರು ನೆಟ್ಟಗೆ ಮಂಜುಗಡ್ಡೆ ಕಾರ್ಖಾನೆಗೆ ಹೋಗಿ, ಕೆಲಸದವರೆಲ್ಲರ ಎದುರು ಅಣ್ಣನನ್ನು ಜೀಪಿಗೆ ಹತ್ತಿಸಿದರು. ಅತ್ತಿಗೆಯ ಫೋನು ಬಂದ ಕೂಡಲೇ ಬಸ್ಸು ಹತ್ತಿ ಹೋದೆ. ಕಾಲೊನಿಯ ಜನ ಬಾವಿಯ ಸುತ್ತ ನಿಂತಿದ್ದರು. ಬೇರೆ ಬೇರೆ ಊರುಗಳಿಂದ ಕಿತ್ತು ತಂದು ನೆಟ್ಟಂಥ ಜನ ಅವರು. ಅಲ್ಲಿಯವರೆಗೆ ಗಣಪತಿಯನ್ನು ಕೂಡ ಒಂದೇ ಚಪ್ಪರದಲ್ಲಿ ಕೂರಿಸಲು ಒಪ್ಪಿದವರಲ್ಲ. ಅಂದು ನಮ್ಮಣ್ಣನ ಮಾತು ಬಂದಾಗ ಎಲ್ಲರದೂ ಒಂದೇ ಬಾಯಿ. ಒಬ್ಬನನ್ನು ಕೆಟ್ಟವನೆಂದು ಹೊರಗೆ ನಿಲ್ಲಿಸಿದಾಗ ಉಳಿದವರು ಒಂದಾಗುತ್ತಾರೆ ಎಂಬ ಸಿದ್ಧಾಂತವೂ ನನ್ನ ಪಾಠದಲ್ಲಿತ್ತು. ಅದನ್ನು ಕಣ್ಣಾರೆ ಕಂಡದ್ದು ಆ ಬಾವಿಯ ಕಟ್ಟೆಯ ಹತ್ತಿರ.

ಪಂಪು ಕಾರವಾರದ ಒಂದು ರಿಪೇರಿ ಅಂಗಡಿಯಲ್ಲಿತ್ತು. ಕಾಲೊನಿಯ ನೀರಿನ ಉಸ್ತುವಾರಿ ನೋಡುತ್ತಿದ್ದವರೇ ಕೊಟ್ಟು, ಯಾರಿಗೂ ಹೇಳದೆ ನೆಂಟರ ಮನೆಗೆ ಹೋಗಿದ್ದರು. ಅಣ್ಣನನ್ನು ಬಿಟ್ಟರು. ಪಂಪೂ ಬಾವಿಗೆ ಬಂತು. ಆದರೆ ಈ ಸಲ ಅವನಲ್ಲದೇ ಇರಬಹುದು ಎಂದರೇ ಹೊರತು, ತಪ್ಪಾಯಿತು ಎಂದು ಯಾರೂ ಅವನ ಮನೆಯ ಮೆಟ್ಟಿಲು ಹತ್ತಲಿಲ್ಲ. ಕಾರ್ಖಾನೆಯ ಮಾಲಿಕರು ಚಹಾ ಕೊಟ್ಟು, ಸಮಾಧಾನದಿಂದಲೇ, ನಾಳೆಯಿಂದ ಬರುವುದು ಬೇಡ ಎಂದರು.

ಎಷ್ಟೋ ಕಡೆ ಕೆಲಸ ಕೇಳಿದ. ಕದ್ರಾದವರೆಗೂ ಹೋಗಿ ಬಂದ. ಅವನು ಹೋಗುವ ಮೊದಲೇ ಅವನ ಹೆಸರು ಅಲ್ಲಿಗೆ ಹೋಗಿ ಕುಳಿತಿರುತ್ತಿತ್ತು. ಆಮೇಲೆ ಅವನು ನಿಜವಾಗಿಯೂ ಗೋವಾದಿಂದ ಸಾರಾಯಿ ಸಾಗಿಸುವುದನ್ನೇ ಕಸುಬು ಮಾಡಿಕೊಂಡ. ಅತ್ತಿಗೆ ಅತ್ತು ಹೇಳಿದ ಮೇಲೆ, ಬುದ್ಧಿ ಹೇಳಬೇಕೆಂದು ಒಂದು ರವಿವಾರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ.

"ತಂಗಿ, ಮನ್ಷ ಎಂತಕ್ಕೆ ಕೆಡ್ತ ಹೇಳಿ ನೀ ಕಾಲೇಜಲ್ಲಿ ಕಲಿಸ್ತೆ ಅಲ್ದ? ನಂಗೂ ಹೇಳು."

ಬುದ್ಧಿ ಹೇಳಲು ಹೋದವಳು ಪಾಠ ಹೇಳಿದೆ. ಚೆನ್ನಾಗಿ ಬಾಳಬೇಕೆಂಬ ಆಸೆಯನ್ನು ಸಮಾಜ ಎಲ್ಲರಿಗೂ ಹಚ್ಚುತ್ತದೆ, ದಾರಿಯನ್ನು ಮಾತ್ರ ಕೆಲವರಿಗೇ ಬಿಡುತ್ತದೆ ಎಂದೆ. ಕೆಲಸ, ನೆರೆಹೊರೆ ಎಂಬ ಹಗ್ಗಗಳು ಹರಿದವನನ್ನು ಹಿಡಿದು ನಿಲ್ಲಿಸುವಂಥದು ಏನೂ ಉಳಿಯುವುದಿಲ್ಲ ಎಂದೆ. ಹೆಸರು ಒಮ್ಮೆ ಅಂಟಿತೆಂದರೆ ಮನುಷ್ಯ ನಿಧಾನವಾಗಿ ಅದರಂತೆಯೇ ಆಗುತ್ತಾನೆ ಎಂದೂ ಹೇಳಿದೆ. ಅಣ್ಣ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡ.

"ಹಾಂಗಾರೆ ನಂದೆಲ್ಲಾ ಪುಸ್ತಕದಲ್ಲೇ ಅದೆ," ಎಂದ. ಮತ್ತೆ, "ತಿರುಗಿ ಬರೂ ದಾರಿ ಎಲ್ಲಾದ್ರೂ ಬರ್ದಿದ್ರ?" ಎಂದು ಕೇಳಿದ.

ಅಷ್ಟರಲ್ಲಿ ಅತ್ತಿಗೆ ಊಟಕ್ಕೆ ಎಬ್ಬಿಸಿದಳು.

ಆ ಮಳೆಗಾಲದ ಒಂದು ಮಧ್ಯಾಹ್ನ ಚೆಕ್‌ಪೋಸ್ಟ್ ತಪ್ಪಿಸಲು ಒಳದಾರಿ ಹಿಡಿದವನ ಸ್ಕೂಟರು ಜಾರಿ ಮೋರಿಗೆ ಬಡಿಯಿತು. ಆಸ್ಪತ್ರೆಗೆ ತರುವಷ್ಟರಲ್ಲಿ ಉಸಿರಿರಲಿಲ್ಲ. ಹೆಣ ಹೊರಲು ಕಾಲೊನಿಯಿಂದ ಬಂದವರು ತೀರಾ ಕಡಿಮೆ. ತೋಡೂರಿನಲ್ಲಿ ನಮ್ಮ ಗದ್ದೆಯ ಪಕ್ಕದ ಗದ್ದೆಯವರು ಎಲ್ಲಿಂದಲೋ ಸುದ್ದಿ ತಿಳಿದು ಬಂದು ಹೆಗಲು ಕೊಟ್ಟರು.

ವರ್ಷ ಕಳೆದು ಚವತಿ ಹತ್ತಿರ ಬಂದಾಗ ನಾನು ಅತ್ತಿಗೆಯ ಮನೆಯಲ್ಲಿದ್ದೆ. ಹೊಸಬ ಪೊಲೀಸನೊಬ್ಬ ಬಾಗಿಲಿಗೆ ಬಂದು ಅಣ್ಣನ ಹೆಸರು ಹೇಳಿ ಕರೆದ. ಹಬ್ಬದ ಮೊದಲು ಹಳೇ ಕೇಸಿನವರೆಲ್ಲ ಠಾಣೆಗೆ ಬಂದು ಹೋಗಬೇಕಂತೆ.

"ಅವ್ರು ತೀರ್ಕಂಡು ವರ್ಷ ಆಯ್ತು," ಎಂದಳು ಅತ್ತಿಗೆ.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕುಡಿಯಲು ನೀರು ಕೇಳಿದ. ಅತ್ತಿಗೆ ಒಳಗೆ ಹೋಗಿ ನೀರಿನ ಜೊತೆ ಒಂದು ತುಂಡು ಬೆಲ್ಲ ಇಟ್ಟುಕೊಂಡು ಬಂದಳು.