ಹಾವಗೆಪ್ಪನ ಸೋರುವ ಪೀಪಾಯಿ

ಭಾಲ್ಕಿಯ ಹಾವಗೆಪ್ಪ ದ್ರಾಕ್ಷಿ ಕೊಳೆಸಿ ಶರಾಬು ಮಾಡುತ್ತಿದ್ದ, ಆದರೆ ಶರಾಬು ಎಂದವರ ಮೇಲೆ ಎಗರಿಬೀಳುತ್ತಿದ್ದ: ‘ಇದು ದವಾ ಅದರಿ, ದವಾ!’ ಕೊರಳಲ್ಲಿ ಲಿಂಗವಿದ್ದುದರಿಂದ ರುಚಿ ನೋಡಿ ಉಗುಳುತ್ತಿದ್ದನೇ ಹೊರತು ನುಂಗುತ್ತಿರಲಿಲ್ಲ. ಎಷ್ಟು ಉಗುಳಿದರೂ ಸಂಜೆಗೆ ನಾಲಿಗೆ ತೊದಲುವುದು ತಪ್ಪುತ್ತಿರಲಿಲ್ಲ. ನಿಜಾಮನ ಕಾಲಕ್ಕೆ ಆ ದವಾದ ಹೆಸರು ‘ಹುಜೂರ್ ಪಸಂದ್’ ಎಂದಿತ್ತು. ಪೊಲೀಸ್ ಕಾರ್ಯಾಚರಣೆ ಮುಗಿಯುವ ಮೊದಲೇ ‘ಸ್ವರಾಜ್ಯ ದ್ರಾಕ್ಷಾರಸ’ವಾಯಿತು, ಹುಳಿ ಮಾತ್ರ ಅದೇ. ಅಂಗಳದ ದೊಡ್ಡ ಪೀಪಾಯಿ ಯಾಕೆ ಖಾಲಿ ಎಂದು ಗಿರಾಕಿಗಳು ಕೇಳಿದರೆ ‘ಸೋರ್ತದರಿ’ ಎನ್ನುತ್ತಿದ್ದ. ರಜಾಕಾರರು ನುಗ್ಗಿದ ದಿನ ಅದರೊಳಗೆ ಅಡಗಿ ಉಳಿದವನು ಎದುರುಮನೆಯ ಬಕ್ಕಪ್ಪ; ಭಾರತದ ಮಿಲಿಟರಿ ಬಂದ ಮೇಲೆ ಊರವರೇ ಸೇಡಿಗೆಂದು ಕೊಡಲಿ ಹಿಡಿದು ಹೊರಟಾಗ ಅಡಗಿದವನು ಪಕ್ಕದ ಮನೆಯ ಮೌಲಾಸಾಬ. ‘ಈಗ ಎಲ್ಲಾ ತಣ್ಣಗಾಗ್ಯದಲ್ಲ, ತುಂಬಸ್ರಿ’ ಎಂದಳು ಹೆಂಡತಿ ಗುರಮ್ಮ. ‘ಖಾಲಿನೇ ಇರ್ಲಿ ಬಿಡು,’ ಎಂದ ಹಾವಗೆಪ್ಪ, ‘ಮುಂದ ಯಾರ ಪಾಳಿ ಬರ್ತದೋ.’